ಅಂಗನವಾಡಿ ಮತ್ತು ನಲಿ-ಕಲಿ ತರಗತಿಗಳಲ್ಲಿ ಸಂಖ್ಯೆಯ ಆಟಗಳು: ಭೇಟಿ ನೀಡುವ ಸದಸ್ಯರು ಗಮನಿಸಬೇಕಾದುದು

ಗ್ರಾಮ ಪಂಚಾಯಿತಿ ಸದಸ್ಯರು ಅಂಗನವಾಡಿ ಕೇಂದ್ರಕ್ಕೆ ಭೇಟಿ ನೀಡಿದಾಗ ಸಾಮಾನ್ಯವಾಗಿ ನಡೆಯುವುದು ಹೀಗೆ. ಮುಂದೆ ಕುಳಿತ ಮಗುವೊಂದನ್ನು ಎಬ್ಬಿಸಿ, "ಎಷ್ಟರವರೆಗೆ ಎಣಿಸಲು ಬರುತ್ತದೆ? ಹೇಳು ನೋಡೋಣ" ಎನ್ನಲಾಗುತ್ತದೆ. ಮಗು ಕೈಕಟ್ಟಿ ನಿಂತು ಒಂದರಿಂದ ಐವತ್ತರವರೆಗೆ ಉಸಿರು ಬಿಡದೆ ಒಪ್ಪಿಸುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಭೇಟಿ ಪುಸ್ತಕದಲ್ಲಿ "ಮಕ್ಕಳ ಕಲಿಕೆ ತೃಪ್ತಿಕರ" ಎಂಬ ಷರಾ ದಾಖಲಾಗುತ್ತದೆ.

ಅದೇ ಮಗುವಿನ ಮುಂದೆ ಏಳು ಹುಣಸೆಬೀಜಗಳನ್ನು ಚೆಲ್ಲಿ, "ಇವು ಎಷ್ಟು?" ಎಂದು ಕೇಳಿದರೆ ಬೇರೆಯೇ ಚಿತ್ರ ಕಾಣಬಹುದು. ಬೆರಳು ಒಂದು ಬೀಜವನ್ನು ಎರಡು ಬಾರಿ ಮುಟ್ಟುತ್ತದೆ, ಇನ್ನೊಂದನ್ನು ಮುಟ್ಟದೆ ದಾಟುತ್ತದೆ. ಬಾಯಿ ಮಾತ್ರ ನಿಲ್ಲದೆ ಎಂಟು, ಒಂಬತ್ತು ಎಂದು ಮುಂದೆ ಓಡುತ್ತದೆ. ಸರಿಯಾಗಿ ಏಳಕ್ಕೇ ನಿಂತ ಮಗುವನ್ನು "ಹಾಗಾದರೆ ಒಟ್ಟು ಎಷ್ಟು?" ಎಂದು ಕೇಳಿದರೆ, ಅದು ಉತ್ತರ ಹೇಳುವ ಬದಲು ಮತ್ತೆ ಒಂದರಿಂದ ಎಣಿಸಲು ತೊಡಗುವುದೂ ಉಂಟು. ಕೊನೆಗೆ ಹೇಳಿದ "ಏಳು" ಎಂಬ ಮಾತು ಇಡೀ ಗುಂಪಿನ ಹೆಸರು ಎಂಬುದು ಅದಕ್ಕೆ ಇನ್ನೂ ಹೊಳೆದಿಲ್ಲ. ಇದು ದಡ್ಡತನವಲ್ಲ. ಮೂರು, ನಾಲ್ಕು ವರ್ಷದ ಎಲ್ಲ ಮಕ್ಕಳೂ ದಾಟುವ ಹಂತವಿದು. ತೊಂದರೆಯಾಗುವುದು ಮಗು ಈ ಹಂತದಲ್ಲಿ ಇರುವುದರಿಂದಲ್ಲ, ಈ ಹಂತದಲ್ಲಿದೆ ಎಂಬುದನ್ನು ದೊಡ್ಡವರು ಕಾಣದೆ ಮುಂದಿನ ಪಾಠಕ್ಕೆ ಎಳೆದೊಯ್ಯುವುದರಿಂದ.

ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ 17ನೆಯದು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ 25ನೆಯದು. ಶಾಲೆ ಮತ್ತು ಅಂಗನವಾಡಿಯ ಕುರಿತು ಸದಸ್ಯರು ಕೇಳುವ ಪ್ರಶ್ನೆಗೆ ಅಷ್ಟು ತೂಕವಿದೆ. ಆದ್ದರಿಂದಲೇ ಯಾವ ಪ್ರಶ್ನೆ ಕೇಳಬೇಕು ಎಂಬುದು ಮುಖ್ಯವಾಗುತ್ತದೆ. ಸದಸ್ಯರು ಬಾಯಿಪಾಠವನ್ನು ಮೆಚ್ಚಿದರೆ ಬರುವ ವಾರದಿಂದ ಕೇಂದ್ರದಲ್ಲಿ ಬಾಯಿಪಾಠವೇ ನಡೆಯುತ್ತದೆ. "ಮಕ್ಕಳು ಬರೀ ಆಡುತ್ತಿದ್ದಾರಲ್ಲ" ಎಂದು ಆಕ್ಷೇಪಿಸಿದರೆ ಬೀಜ, ಕಡ್ಡಿ, ಕವಡೆಗಳು ಪೆಟ್ಟಿಗೆ ಸೇರುತ್ತವೆ.

ಎಣಿಕೆಯೊಳಗೆ ಅಡಗಿರುವುದು

ಎಣಿಸುವುದು ಒಂದೇ ಕೌಶಲ ಎಂದು ತೋರಿದರೂ ಅದರೊಳಗೆ ಹಲವು ತಿಳಿವಳಿಕೆಗಳಿವೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಚೆಲ್ ಗೆಲ್ಮನ್ ಮತ್ತು ಸಿ. ಆರ್. ಗ್ಯಾಲಿಸ್ಟೆಲ್ 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವನ್ನು ಐದಾಗಿ ಬಿಡಿಸಿ ತೋರಿಸಿದರು. ಒಂದು ವಸ್ತುವಿಗೆ ಒಂದೇ ಹೆಸರು ಹೇಳಬೇಕು. ಹೆಸರುಗಳ ಕ್ರಮ ಬದಲಾಗಬಾರದು. ಕೊನೆಗೆ ಹೇಳಿದ ಹೆಸರೇ ಗುಂಪಿನ ಅಳತೆ. ಬೀಜವನ್ನಾಗಲಿ ಚಪ್ಪಾಳೆಯನ್ನಾಗಲಿ ಯಾವುದನ್ನೂ ಎಣಿಸಬಹುದು. ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ಉತ್ತರ ಒಂದೇ. ದೊಡ್ಡವರಿಗೆ ಇವು ಹೇಳಬೇಕಾದ ಮಾತುಗಳೇ ಅಲ್ಲ. ಮಗುವಿಗೆ ಇವುಗಳಲ್ಲಿ ಪ್ರತಿಯೊಂದೂ ಬೇರೆ ಬೇರೆ ದಿನ ದಕ್ಕುವ ಅರಿವು.

ಹಳ್ಳಿಯ ಕಣದಲ್ಲಿ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ಭತ್ತ ಅಳೆಯುವ ಹಿರಿಯರು ಮೊದಲ ಅಳತೆಗೆ "ಒಂದು" ಎನ್ನದೆ "ಲಾಭ" ಎನ್ನುವುದು, ಅನಂತರ "ಎರಡು", "ಮೂರು" ಎಂದು ಮುಂದುವರಿಯುವುದು ನಾಡಿನ ಹಲವೆಡೆ ಇರುವ ರೂಢಿ. ಹೆಸರು ಬದಲಾದರೂ ಲೆಕ್ಕ ತಪ್ಪುವುದಿಲ್ಲ, ಏಕೆಂದರೆ ಅದರ ಸ್ಥಾನ ಬದಲಾಗಿಲ್ಲ. ಅಜ್ಜನ ಪಕ್ಕದಲ್ಲಿ ಕುಳಿತು ಇದನ್ನು ನೋಡಿದ ಮಗು, ಸಂಖ್ಯೆಯ ಹೆಸರಿಗಿಂತ ಅದರ ಸರದಿ ಮುಖ್ಯ ಎಂಬುದನ್ನು ಯಾರೂ ವಿವರಿಸದೆಯೇ ಅರಿಯುತ್ತದೆ.

ಕರಾವಳಿಯ ತಾಲ್ಲೂಕುಗಳಲ್ಲಿ ಭಾಷೆಯ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಕನ್ನಡದಲ್ಲಿ ಇಪ್ಪತ್ತರಿಂದ ಮುಂದಿನ ಸಂಖ್ಯೆಗಳು ಬರೆದಂತೆಯೇ ಹೇಳಲ್ಪಡುತ್ತವೆ: ಇಪ್ಪತ್ತು, ಅದರ ಮೇಲೆ ಐದು, ಇಪ್ಪತ್ತೈದು. ಕೊಂಕಣಿಯಲ್ಲಿ ಐದು ಮೊದಲು ಬಂದು ಇಪ್ಪತ್ತು ಅನಂತರ ಬರುತ್ತದೆ: ಪಂಚ್‌ವೀಸ್. ಕಾರವಾರ, ಅಂಕೋಲಾ ಭಾಗದಲ್ಲಿ ಮನೆಯಲ್ಲಿ ಕೊಂಕಣಿ ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಗು 25ನ್ನು 52 ಎಂದು ಬರೆದರೆ ಅದು ಅಜಾಗರೂಕತೆ ಎನ್ನಲಾಗದು. ಮಗು ಕೇಳಿದ ಸರದಿಯಲ್ಲೇ ಬರೆದಿದೆ. ಕೇವಲ ಕನ್ನಡ ಆಡುವ ಮನೆಯ ಮಕ್ಕಳಿಗೂ ತೊಡಕುಗಳಿಲ್ಲದಿಲ್ಲ. ಹನ್ನೊಂದು, ಹನ್ನೆರಡು ಎಂಬಲ್ಲಿ ಹತ್ತು ಸುಲಭವಾಗಿ ಕೇಳಿಸುವುದಿಲ್ಲ. ಒಂಬತ್ತು, ಎಂಬತ್ತು, ತೊಂಬತ್ತು ಕಿವಿಗೆ ಒಂದೇ ರಾಗ. ಇಂತಹ ಗೊಂದಲವನ್ನು ನೂರು ಬಾರಿ ಬರೆಸಿ ಬಿಡಿಸಲಾಗದು. ಹತ್ತು ಕಡ್ಡಿಯ ಎರಡು ಕಟ್ಟು ಮತ್ತು ಐದು ಬಿಡಿ ಕಡ್ಡಿಗಳನ್ನು ಕೈಯಲ್ಲಿ ಹಿಡಿಸಿದರೆ ಬಿಡಿಸಬಹುದು.

ಆಟ ಪಾಠವಾಗುವ ಬಗೆ

ಅಗಸೂರಿನಂತಹ ಗ್ರಾಮದಲ್ಲಿ ಇದಕ್ಕೆ ಬೇಕಾದ ಸಾಮಗ್ರಿಯನ್ನು ಪೇಟೆಯಿಂದ ತರಬೇಕಾಗಿಲ್ಲ. ಅಂಕೋಲಾದಿಂದ ಹುಬ್ಬಳ್ಳಿ ಕಡೆಗೆ ಹೋಗುವ ಹೆದ್ದಾರಿಯ ಈ ಭಾಗದ ಹಿತ್ತಿಲುಗಳಲ್ಲಿ ತೆಂಗಿನ ಗರಿಯ ಕಡ್ಡಿ, ಹುಣಸೆಬೀಜ, ಕರಟ ಇವೆ. ಗಂಗಾವಳಿಯ ದಡದಲ್ಲಿ ನುಣುಪಾದ ಕಲ್ಲು, ಸಮುದ್ರದ ಕಡೆ ಹೋದರೆ ಚಿಪ್ಪು ಇವೆ. ಬೇಕಾಗಿರುವುದು ಇವನ್ನು ಹೇಗೆ ಬಳಸಬೇಕೆಂಬ ತಿಳಿವಳಿಕೆ ಮತ್ತು ಬಳಸಲು ಬಿಡುವ ಸಮಾಧಾನ.

ಅಳಗುಳಿಮಣೆಯನ್ನು ಮೊದಲು ನೋಡಬಹುದು. ಕರಾವಳಿಯ ತೆಂಕಣ ಭಾಗದಲ್ಲಿ ಇದಕ್ಕೆ ಚೆನ್ನೆಮಣೆ ಎನ್ನುತ್ತಾರೆ. ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಗುಳಿಗೆ ನಾಲ್ಕು ಬೀಜ ಇಟ್ಟರೆ ಒಟ್ಟು 56, ಐದು ಇಟ್ಟರೆ 70. ಒಂದು ಗುಳಿಯ ಬೀಜಗಳನ್ನು ಬಾಚಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತ ಹೋಗಬೇಕು. ಒಂದು ಗುಳಿಗೆ ಒಂದೇ ಬೀಜ: ಎಣಿಕೆಯ ಮೊದಲ ನಿಯಮ ಇಲ್ಲಿ ಆಟದ ನಿಯಮವೇ ಆಗಿದೆ. ಎರಡು ಬೀಜ ಬಿಟ್ಟರೆ ಎದುರಾಳಿ ಸುಮ್ಮನಿರುವುದಿಲ್ಲ. ತಿದ್ದಲು ಶಿಕ್ಷಕಿ ಬೇಕಾಗಿಲ್ಲ. ಸ್ವಲ್ಪ ಪಳಗಿದ ಮಗು ಬೀಜ ಬಿಡುವ ಮೊದಲೇ ಕಣ್ಣಿನಲ್ಲಿ ಅಳೆದು, "ಈ ನಾಲ್ಕು ಅಲ್ಲಿಗೆ ಮುಟ್ಟುತ್ತವೆ" ಎಂದು ನಿರ್ಧರಿಸುತ್ತದೆ. ಅದು ಆಗಲೇ ಸಂಕಲನ. ನಾಲ್ಕು ವರ್ಷದವರಿಗೆ ಹದಿನಾಲ್ಕು ಗುಳಿ ಹೆಚ್ಚಾಗುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ವೃತ್ತ ಬರೆದು, ಐದು ಬೀಜ ಕೊಟ್ಟರೆ ಸಾಕು.

ಕವಡೆಯ ಆಟದಲ್ಲಿ ಬೇರೊಂದು ಕೌಶಲವಿದೆ. ಚೌಕಾಬಾರದಲ್ಲಿ ನಾಲ್ಕು ಕವಡೆ ಎಸೆದಾಗ ಎಷ್ಟು ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಮೇಲಾದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಆಡುವವರು ಪ್ರತಿ ಬಾರಿ ಬೆರಳಿಟ್ಟು ಎಣಿಸುವುದಿಲ್ಲ. ಮೂರು ಬಿದ್ದರೆ ನೋಡಿದ ಕ್ಷಣದಲ್ಲೇ ಮೂರು ಎನ್ನುತ್ತಾರೆ. ಸಣ್ಣ ಗುಂಪನ್ನು ಎಣಿಸದೆ ಗುರುತಿಸುವ ಈ ಸಾಮರ್ಥ್ಯವೇ ಮುಂದೆ "ಮೂರು ಮತ್ತು ಎರಡು ಸೇರಿ ಐದು" ಎಂಬುದನ್ನು ಬೆರಳು ಮಡಿಸದೆ ಕಾಣಲು ನೆರವಾಗುತ್ತದೆ. ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಎರಡು ಹೋಳು ಮಾಡಿ ಒಂದು ಬದಿ ಬೆಳ್ಳಗಾಗುವಂತೆ ಉಜ್ಜಿದರಾಯಿತು. ಅಜ್ಜಿಯರಿಗೆ ಈ ವಿದ್ಯೆ ಗೊತ್ತು.

ಕರಟದ ಆಟ ಇನ್ನೂ ಸರಳ. ಐದು ಬೀಜಗಳನ್ನು ಮಗುವಿನಿಂದಲೇ ಎಣಿಸಿ ಇಡಿಸಬೇಕು. ಕಣ್ಣು ಮುಚ್ಚಿಸಿ ಎರಡನ್ನು ಕರಟದಡಿ ಅಡಗಿಸಬೇಕು. ಹೊರಗೆ ಮೂರು ಕಾಣುತ್ತಿವೆ, ಒಳಗೆ ಎಷ್ಟು? ಮಗು ಊಹಿಸಿ ಹೇಳಿದ ಮೇಲೆ ಕರಟವನ್ನು ಅದರಿಂದಲೇ ಎತ್ತಿಸಬೇಕು. ಉತ್ತರ ಸರಿಯೋ ತಪ್ಪೋ ಎಂಬುದನ್ನು ಕರಟ ಹೇಳುತ್ತದೆ, ದೊಡ್ಡವರಲ್ಲ. ಐದರೊಳಗೆ ಮೂರು ಮತ್ತು ಎರಡು ಇವೆ, ನಾಲ್ಕು ಮತ್ತು ಒಂದು ಇವೆ ಎಂಬುದು ಹೀಗೆ ಮನಸ್ಸಿಗೆ ಇಳಿದ ಮಗುವಿಗೆ ಒಂದನೆಯ ತರಗತಿಯ ವ್ಯವಕಲನ ಹೊಸದೆನಿಸುವುದಿಲ್ಲ. ಐದನ್ನೂ ಅಡಗಿಸಿದ ದಿನ ಹೊರಗೆ ಏನೂ ಉಳಿಯದು. ಸೊನ್ನೆಯನ್ನು ಪರಿಚಯಿಸಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು.

"ಎಷ್ಟೆಷ್ಟು?" ಎಂದು ಮಕ್ಕಳು ಕೂಗಿ ಸುತ್ತುತ್ತಿರುವಾಗ ಶಿಕ್ಷಕಿ "ಮೂರು ಮೂರು" ಎಂದರೆ ಮೂವರ ಗುಂಪಾಗಿ ನಿಲ್ಲುವ ಆಟ ಎಲ್ಲ ಶಾಲೆಗಳಲ್ಲಿಯೂ ಇದೆ. ಇದರಲ್ಲಿ ಒಂದು ತಿದ್ದುಪಡಿ ಅವಶ್ಯ. ಗುಂಪು ಸಿಗದೆ ಉಳಿದ ಮಗುವನ್ನು "ಔಟ್" ಎಂದು ಹೊರಗೆ ಕೂರಿಸುವುದು ರೂಢಿ. ಹಾಗೆ ಮೊದಲು ಹೊರಬೀಳುವುದು ಸಾಮಾನ್ಯವಾಗಿ ಲೆಕ್ಕ ತಡವಾಗಿ ಹೊಳೆಯುವ ಮಗು, ಎಂದರೆ ಈ ಆಟ ಯಾರಿಗೆ ಹೆಚ್ಚು ಬೇಕೋ ಅದೇ ಮಗು. ಹೊರಗೆ ಕೂರಿಸುವ ಬದಲು ಉಳಿದವರಿಗೆ ಮುಂದಿನ ಸಂಖ್ಯೆಯನ್ನು ಕೂಗುವ ಅಧಿಕಾರ ಕೊಡಬಹುದು. "ಹನ್ನೊಂದು ಜನರಲ್ಲಿ ಮೂರು ಮೂರಾಗಿ ನಿಂತರೆ ಇಬ್ಬರು ಏಕೆ ಉಳಿದರು?" ಎಂಬ ಪ್ರಶ್ನೆಯನ್ನು ಎರಡನೆಯ ತರಗತಿಯವರ ಮುಂದಿಟ್ಟರೆ ಭಾಗಾಕಾರದ ಶೇಷ ಕಣ್ಣೆದುರೇ ನಿಂತಿರುತ್ತದೆ.

ಕುಂಟಾಬಿಲ್ಲೆಯ ಮನೆಗಳನ್ನು ಒಂದೇ ಸಾಲಿನಲ್ಲಿ ಬರೆದು 1ರಿಂದ 10ರವರೆಗೆ ಅಂಕೆ ಹಾಕಿದರೆ ಅದು ಸಂಖ್ಯಾದಾರಿ. ಈ ಬಗೆಯ ಆಟದ ಪರಿಣಾಮವನ್ನು ಅಮೆರಿಕದ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಕಡಿಮೆ ವರಮಾನದ ಕುಟುಂಬಗಳ ಶಾಲಾಪೂರ್ವ ಮಕ್ಕಳಲ್ಲಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಸಾಲಾಗಿ 1ರಿಂದ 10 ಬರೆದ ಹಲಗೆಯ ಮೇಲೆ ಎರಡು ವಾರಗಳಲ್ಲಿ ನಾಲ್ಕು ಬಾರಿ, ಪ್ರತಿ ಬಾರಿ ಹದಿನೈದು ಇಪ್ಪತ್ತು ನಿಮಿಷ ಆಡಿದ ಮಕ್ಕಳು ಎಣಿಕೆಯಲ್ಲಿ, ಅಂಕೆ ಗುರುತಿಸುವುದರಲ್ಲಿ, ಯಾವುದು ದೊಡ್ಡದು ಎಂದು ಹೇಳುವುದರಲ್ಲಿ ಮುಂದೆ ಬಂದರು. ಒಂಬತ್ತು ವಾರಗಳ ಅನಂತರವೂ ಆ ಲಾಭ ಉಳಿದಿತ್ತು. ಅಂಕೆಯ ಬದಲು ಬಣ್ಣಗಳಿದ್ದ ಹಲಗೆಯಲ್ಲಿ ಅಷ್ಟೇ ಹೊತ್ತು ಆಡಿದವರಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ. ಆಡುವ ಕ್ರಮವೂ ಮುಖ್ಯವೆಂದು ಅನಂತರದ ಕೆಲಸ ತೋರಿಸಿತು. ಐದರ ಮನೆಯಲ್ಲಿರುವ ಮಗು ಎರಡು ಹೆಜ್ಜೆ ಹೋಗಬೇಕಾದಾಗ "ಒಂದು, ಎರಡು" ಎಂದರೆ ಪ್ರಯೋಜನ ಕಡಿಮೆ. "ಆರು, ಏಳು" ಎಂದು ತಾನು ತುಳಿಯುವ ಮನೆಯ ಹೆಸರನ್ನೇ ಹೇಳಬೇಕು. ಹಾವು ಏಣಿ ಆಡುವ ಮನೆಗಳಲ್ಲಿಯೂ ಈ ಒಂದು ಬದಲಾವಣೆ ಮಾಡಿಕೊಳ್ಳಬಹುದು.

ವಿನ್ಯಾಸವನ್ನು ಗುರುತಿಸುವುದೂ ಗಣಿತವೇ. ಅಂಕೋಲಾ ಭಾಗದ ಹಾಲಕ್ಕಿ ಒಕ್ಕಲಿಗ ಮಹಿಳೆಯರು ಕೊರಳು ತುಂಬ ಧರಿಸುವ ಮಣಿಸರಗಳನ್ನು ಮಕ್ಕಳು ಹುಟ್ಟಿದಂದಿನಿಂದ ನೋಡಿರುತ್ತಾರೆ. ಎರಡು ಕಪ್ಪು, ಒಂದು ಹಳದಿ, ಮತ್ತೆ ಎರಡು ಕಪ್ಪು, ಮುಂದಿನದು ಯಾವುದು? ದೊಡ್ಡ ಮಣಿ ಸಿಗದಿದ್ದರೆ ಹೂವು, ಎಲೆಗಳನ್ನು ಸಾಲಾಗಿ ಇಟ್ಟರೂ ಆದೀತು. ಅಜ್ಜಿಯೊಬ್ಬರನ್ನು ಅಂಗನವಾಡಿಗೆ ಕರೆಸಿ ಮಣಿ ಪೋಣಿಸುವುದನ್ನು ತೋರಿಸಿದರೆ ಆ ದಿನದ ಪಾಠ ಮಕ್ಕಳಿಗೆ ಮರೆಯದು.

ಬರಿಯ ಆಟ ಸಾಲದು ಎಂಬುದಕ್ಕೆ ದೆಹಲಿಯ ಅನುಭವ

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ಚಿತ್ರ ಪೂರ್ಣವಾಗದು. ಆಟ ಆಡಿಸಿದ ಮಾತ್ರಕ್ಕೆ ಗಣಿತ ಬಂದುಬಿಡುತ್ತದೆ ಎಂಬುದು ಸರಿಯಲ್ಲ.

ದೆಹಲಿಯಲ್ಲಿ ಪ್ರಥಮ್ ಸಂಸ್ಥೆ ನಡೆಸುತ್ತಿದ್ದ 214 ಶಾಲಾಪೂರ್ವ ಕೇಂದ್ರಗಳ 1,540 ಮಕ್ಕಳೊಂದಿಗೆ ಮೋಯಿರಾ ಡಿಲ್ಲನ್, ಎಸ್ತರ್ ಡುಫ್ಲೊ, ಎಲಿಜಬೆತ್ ಸ್ಪೆಲ್ಕಿ ಮೊದಲಾದವರು ಗಣಿತದ ಆಟಗಳ ದೊಡ್ಡ ಪ್ರಯೋಗ ನಡೆಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಕಡಿಮೆ ಅಂದಾಜು ಮಾಡುವುದು, ಆಕಾರಗಳನ್ನು ಹೋಲಿಸುವುದು ಇತ್ಯಾದಿಗಳಲ್ಲಿ ಮಕ್ಕಳು ಸ್ಪಷ್ಟವಾಗಿ ಮುಂದೆ ಬಂದರು. ವರ್ಷ ಕಳೆದ ಮೇಲೂ ಆ ಸಾಮರ್ಥ್ಯ ಉಳಿದಿತ್ತು. ಆದರೆ ಅವರು ಒಂದನೆಯ ತರಗತಿಗೆ ಹೋದಾಗ ಅಂಕೆ, ಸಂಕಲನ, ವ್ಯವಕಲನಗಳ ಶಾಲಾ ಗಣಿತದಲ್ಲಿ ಉಳಿದ ಮಕ್ಕಳಿಗಿಂತ ಮುಂದಿರಲಿಲ್ಲ. ಅರಿವು ಕೈಯಲ್ಲಿತ್ತು, ಪುಸ್ತಕದ ಅಂಕೆಗಳಿಗೆ ಅದು ದಾಟಲಿಲ್ಲ.

2025ರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಪ್ರಕಟಿಸಿದ ಇನ್ನೊಂದು ಅಧ್ಯಯನ ಇದೇ ಮಾತನ್ನು ದೊಡ್ಡ ಮಕ್ಕಳ ಕುರಿತು ಹೇಳುತ್ತದೆ. ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರಕ್ಕೆ ಕೈಜೋಡಿಸುವ ಮಕ್ಕಳು ತೂಕ, ದರ, ಚಿಲ್ಲರೆಯ ಲೆಕ್ಕವನ್ನು ಬಾಯಲ್ಲೇ ಸರಿಯಾಗಿ ಮಾಡುತ್ತಿದ್ದರು. ಅವರಲ್ಲಿ ಹೆಚ್ಚಿನವರು ಶಾಲೆಯ ರೀತಿಯಲ್ಲಿ ಬರೆದುಕೊಟ್ಟ ಅದಕ್ಕಿಂತ ಸುಲಭದ ಲೆಕ್ಕದಲ್ಲಿ ಎಡವಿದರು. ಶಾಲೆಯಲ್ಲಷ್ಟೇ ಲೆಕ್ಕ ಕಲಿತ ಮಕ್ಕಳು ಪೇಟೆಯ ಲೆಕ್ಕದಲ್ಲಿ ಸೋತರು. ಎರಡರ ನಡುವೆ ತಾನಾಗಿಯೇ ಸೇತುವೆ ಕಟ್ಟಿಕೊಳ್ಳುವುದಿಲ್ಲ. ಅಂಕೋಲೆಯ ಸಂತೆಯಲ್ಲಿ ತಾಯಿಯ ಪಕ್ಕ ಕುಳಿತು ತರಕಾರಿ ಮಾರುವ ಹುಡುಗಿಯ ಲೆಕ್ಕವನ್ನು ಕಂಡವರಿಗೆ ಇದು ಅಚ್ಚರಿಯಾಗಲಾರದು; ಅದೇ ಹುಡುಗಿಗೆ ಶಾಲೆಯ ಕಪ್ಪುಹಲಗೆಯ ಮುಂದೆ ಮಾತು ಹೊರಡದಿದ್ದರೆ ಆಕೆಗೆ ಲೆಕ್ಕ ಬಾರದು ಎಂದು ತೀರ್ಮಾನಿಸುವುದು ಅನ್ಯಾಯ.

ಸೇತುವೆ ಎಂದರೇನು? ಬೀಜ, ಬಾಯಿಮಾತು, ಬರೆದ ಅಂಕೆ, ಈ ಮೂರನ್ನೂ ಒಂದೇ ಗಳಿಗೆಯಲ್ಲಿ ಒಟ್ಟಿಗೆ ತರುವುದು. ಕರಟದ ಆಟ ಮುಗಿದೊಡನೆ "ಮೂರು ಹೊರಗೆ, ಎರಡು ಒಳಗೆ, ಒಟ್ಟು ಐದು" ಎಂದು ಮಗುವಿನಿಂದ ಹೇಳಿಸಿ, 3, 2, 5 ಎಂಬ ಚೀಟಿಗಳನ್ನು ಆ ಬೀಜಗಳ ಪಕ್ಕದಲ್ಲೇ ಇಡಿಸಬೇಕು. ಹತ್ತು ಕಡ್ಡಿಗೆ ದಾರ ಕಟ್ಟಿದ ಮೇಲೆ ಎರಡು ಕಟ್ಟಿನ ಕೆಳಗೆ 2, ಐದು ಬಿಡಿಯ ಕೆಳಗೆ 5 ಬರೆಸಬೇಕು. ಕೊಂಕಣಿ ಮನೆಮಾತಿನ ಮಗುವಿಗೆ ಪಂಚ್‌ವೀಸ್ ಎಂದೂ ಹೇಳಲು ಬಿಟ್ಟು, ಇಪ್ಪತ್ತೈದು ಎಂದೂ ಹೇಳಿಸಬೇಕು. ಎರಡೂ ಅದೇ ಕಡ್ಡಿಗಳ ಹೆಸರು. ಈ ಕೊನೆಯ ಎರಡು ನಿಮಿಷ ತಪ್ಪಿಹೋದರೆ ಉಳಿದ ಅರ್ಧ ಗಂಟೆ ಸಂತೋಷ ಕೊಟ್ಟೀತು, ಲೆಕ್ಕ ಕೊಡುವುದು ಸಂಶಯ. ಶಿಕ್ಷಕಿಯ ಕೆಲಸದ ನಿಜವಾದ ತೂಕ ಇರುವುದು ಇಲ್ಲಿ. ಆಟದ ನಡುವೆ ನಿಂತು "ನಿನಗೆ ಹೇಗೆ ಗೊತ್ತಾಯಿತು?" ಎಂದು ಕೇಳುವ ಅಕ್ಕೋರು ಪಾಠವನ್ನೇ ಮಾಡುತ್ತಿದ್ದಾರೆ, ಕೈಯಲ್ಲಿ ಪುಸ್ತಕ ಇಲ್ಲದಿದ್ದರೂ.

ಇಲಾಖೆಗಳಲ್ಲಿ ಈಗಾಗಲೇ ಇರುವ ವ್ಯವಸ್ಥೆ

ಆಟದ ಮೂಲಕ ಕಲಿಕೆ ರಾಜ್ಯಕ್ಕೆ ಹೊಸದಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗಿನಿಂದ ಮೂರರಿಂದ ಆರು ವರ್ಷದವರ ಶಾಲಾಪೂರ್ವ ಶಿಕ್ಷಣ ಅಂಗನವಾಡಿಯ ಸೇವೆಗಳಲ್ಲಿ ಒಂದು. ಆಹಾರ ವಿತರಣೆ ಮತ್ತು ದಾಖಲೆಗಳ ಒತ್ತಡದಲ್ಲಿ ಇದೇ ಮೊದಲು ಬದಿಗೆ ಸರಿಯುವುದು ಎಂಬುದನ್ನು ಒಪ್ಪಿಕೊಳ್ಳಬೇಕು. ಶಾಲೆಯಲ್ಲಿ ನಲಿ-ಕಲಿ ಇದೆ. ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭಿಸಿದ ಈ ಪದ್ಧತಿ ಅನಂತರ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿತು. ನೆಲದ ಮೇಲೆ ವೃತ್ತದಲ್ಲಿ ಕುಳಿತ ಮಕ್ಕಳು, ಗೋಡೆಯ ಕಲಿಕಾ ಏಣಿ, ಕಾರ್ಡುಗಳು ಸದಸ್ಯರಿಗೆ ಪರಿಚಿತ. ಅಲ್ಲಿ ಒಂದೇ ಕೋಣೆಯಲ್ಲಿ ಒಂದು ಗುಂಪು ಆಡುತ್ತಿದ್ದು ಇನ್ನೊಂದು ಬರೆಯುತ್ತಿದ್ದರೆ ಅದು ಅವ್ಯವಸ್ಥೆಯಲ್ಲ. ಪದ್ಧತಿ ಇರುವುದೇ ಹಾಗೆ.

2021ರ ಜುಲೈ 5ರಂದು ಕೇಂದ್ರ ಸರ್ಕಾರ ಆರಂಭಿಸಿದ ನಿಪುಣ್ ಭಾರತ್ ಅಭಿಯಾನದ ಗುರಿಗಳನ್ನು ಸದಸ್ಯರು ತಿಳಿದಿರುವುದು ಒಳ್ಳೆಯದು. ಶಾಲಾಪೂರ್ವದ ಕೊನೆಯ ವರ್ಷದಲ್ಲಿ 10ರವರೆಗಿನ ಅಂಕೆಗಳನ್ನು ಗುರುತಿಸಿ ಓದುವುದು, ಒಂದನೆಯ ತರಗತಿಯಲ್ಲಿ 99ರವರೆಗಿನ ಸಂಖ್ಯೆಗಳು ಮತ್ತು ಸರಳ ಸಂಕಲನ, ವ್ಯವಕಲನ, ಎರಡರಲ್ಲಿ 999, ಮೂರರಲ್ಲಿ 9,999ರವರೆಗಿನ ಸಂಖ್ಯೆಗಳು ಮತ್ತು ಸರಳ ಗುಣಾಕಾರ. ಮೊದಲ ಗುರಿಯನ್ನು ಗಮನಿಸಬೇಕು. ಅಂಗನವಾಡಿಯ ಮಗುವಿಗೆ ನಿಗದಿಯಾದದ್ದು ಹತ್ತು, ನೂರಲ್ಲ. ನೂರರವರೆಗೆ ಹೇಳಿಸಿ ಚಪ್ಪಾಳೆ ತಟ್ಟುವ ರೂಢಿಗೆ ಸರ್ಕಾರದ ಯಾವ ಗುರಿಯ ಆಧಾರವೂ ಇಲ್ಲ.

4 ಮತ್ತು 5ನೆಯ ತರಗತಿಗಳಲ್ಲಿ ಗಣಿತ ಕಲಿಕಾ ಆಂದೋಲನದ ಕಿಟ್‌ಗಳು ಶಾಲೆಗಳಲ್ಲಿವೆ. ಅಕ್ಷರ ಫೌಂಡೇಶನ್ ಗ್ರಾಮ ಪಂಚಾಯಿತಿಗಳ ಜೊತೆಗೂಡಿ ನಡೆಸುವ ಗಣಿತ ಸ್ಪರ್ಧೆಗಳ ವೇದಿಕೆಯಲ್ಲಿ ಅನೇಕ ಸದಸ್ಯರು ಬಹುಮಾನ ವಿತರಿಸಿದ್ದಾರೆ. ಆ ಸ್ಪರ್ಧೆಯಲ್ಲಿ ಗೆದ್ದವರ ಹೆಸರಿಗಿಂತ ಹೆಚ್ಚಿನ ಮಕ್ಕಳು ಯಾವ ಲೆಕ್ಕದಲ್ಲಿ ತಪ್ಪಿದರು ಎಂಬುದು ಪಂಚಾಯಿತಿಗೆ ಉಪಯುಕ್ತ ಮಾಹಿತಿ. ಐದನೆಯ ತರಗತಿಯ ಮಗು ದಶಕ ತೆಗೆದುಕೊಂಡು ಕಳೆಯುವಲ್ಲಿ ಎಡವಿದರೆ, ಅದರ ಬೇರನ್ನು ಹತ್ತು ಕಡ್ಡಿಯ ಕಟ್ಟು ಕಟ್ಟದೆ ಕಳೆದ ಆರನೆಯ ವರ್ಷದಲ್ಲಿ ಹುಡುಕಬೇಕಾಗಬಹುದು.

ಬೀಜ ಆರಿಸುವಾಗ

ಸಾಮಗ್ರಿ ಸ್ಥಳೀಯವಾಗಿರಲಿ ಎಂಬ ಸಲಹೆಯೊಂದಿಗೆ ಸುರಕ್ಷತೆಯ ಮಾತು ಬರಲೇಬೇಕು. ಕೆಂಪು ಕಪ್ಪು ಬಣ್ಣದ ಗುಲಗಂಜಿ ನೋಡಲು ಅಂದವಾಗಿದ್ದು ಹಿಂದೆ ಆಟಕ್ಕೂ ತೂಕಕ್ಕೂ ಬಳಕೆಯಲ್ಲಿತ್ತು. ಅದರೊಳಗೆ ತೀವ್ರ ವಿಷವಿದೆ. ಅಗಿದು ನುಂಗಿದರೆ ಪ್ರಾಣಾಪಾಯ. ಹರಳೆಣ್ಣೆಯ ಹರಳಿನಲ್ಲಿಯೂ ವಿಷವಿದೆ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಈ ಮೂರನ್ನೂ ಮಕ್ಕಳ ಕೈಗೆ ಕೊಡಬಾರದು. ಮೂರು ವರ್ಷದೊಳಗಿನವರಿರುವ ಕೂಸಿನ ಮನೆಗಳಲ್ಲಿ ಯಾವುದೇ ಸಣ್ಣ ಬೀಜ, ಮಣಿ, ಕವಡೆ ಇರಕೂಡದು. ಗಂಟಲಲ್ಲಿ ಸಿಲುಕುವ ಭಯ. ಅವರಿಗೆ ಕರಟ, ಮರದ ತುಂಡು, ಅಂಗೈ ತುಂಬುವಷ್ಟು ದೊಡ್ಡ ಕಾಯಿಗಳು ಸೂಕ್ತ. ಅಂಗನವಾಡಿಯಲ್ಲಿ ಆಟ ಮುಗಿದಾಗ ಬೀಜಗಳನ್ನು ಮಕ್ಕಳಿಂದಲೇ ಎಣಿಸಿ ಡಬ್ಬಿಗೆ ಹಾಕಿಸಿದರೆ ಕಳೆದುಹೋದದ್ದು ತಿಳಿಯುತ್ತದೆ. ಅದೂ ಒಂದು ಎಣಿಕೆಯ ಪಾಠ.

ಪಂಚಾಯಿತಿಯ ಪಾಲು

ಮಕ್ಕಳು ಆಡುವುದು ನೆಲದ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಎಷ್ಟೋ ಕಟ್ಟಡಗಳ ನೆಲ ಜಿನುಗುತ್ತದೆ, ಜಗಲಿಗೆ ಇರಚಲು ಹೊಡೆಯುತ್ತದೆ. ಶೈಕ್ಷಣಿಕ ವರ್ಷದ ಮೊದಲ ನಾಲ್ಕು ತಿಂಗಳು, ಎಂದರೆ ಹೊಸ ಮಕ್ಕಳು ಸಂಖ್ಯೆಯನ್ನು ಮೊದಲ ಬಾರಿಗೆ ಭೇಟಿಯಾಗುವ ಕಾಲ, ಅದೇ. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ರೂಪಿಸುವಾಗ ಅಂಗನವಾಡಿಯ ಛಾವಣಿ, ನೆಲ ಮತ್ತು ಜಗಲಿಯ ದುರಸ್ತಿಯನ್ನು ಕಟ್ಟಡದ ಕೆಲಸವೆಂದು ಮಾತ್ರ ಕಾಣದೆ ಕಲಿಕೆಯ ಕೆಲಸವೆಂದು ಕಾಣಬೇಕಾಗಿದೆ. ಒಣಗಿದ ನೆಲವಿಲ್ಲದಿದ್ದರೆ ಮೇಲೆ ಹೇಳಿದ ಯಾವ ಆಟವೂ ಇಲ್ಲ. ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿ ಬಾಯಿಪಾಠ ಮಾಡಿಸುವುದೊಂದೇ ಉಳಿಯುವ ದಾರಿ.

ಜಗಲಿಯ ಮೇಲೆ ಬಣ್ಣದಲ್ಲಿ ಸಂಖ್ಯಾದಾರಿ ಬರೆಸುವುದು ಅತಿ ಕಡಿಮೆ ಖರ್ಚಿನ ಕೆಲಸ. ಬರೆಯುವವರಿಗೆ ಒಂದು ಸೂಚನೆ ಕೊಡಬೇಕು: ಮನೆಗಳು ಒಂದೇ ಅಳತೆಯವಾಗಿ ಒಂದೇ ಸಾಲಿನಲ್ಲಿರಲಿ, ಅಲಂಕಾರಕ್ಕಾಗಿ ಹಾವಿನಂತೆ ಸುತ್ತಿಸುವುದು ಬೇಡ. ಎಂಟು ಎಂಬುದು ನಾಲ್ಕಕ್ಕಿಂತ ಎರಡರಷ್ಟು ದೂರ ಎಂಬುದು ಕಾಲಿಗೆ ತಿಳಿಯಬೇಕಾದರೆ ದಾರಿ ನೇರವಾಗಿರಬೇಕು. ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಒಂದೆರಡು ಅಳಗುಳಿಮಣೆ, ಚೌಕಾಬಾರದ ಹಾಸು ಇದ್ದರೆ ಶಾಲೆ ಬಿಟ್ಟ ಮೇಲೆ ಅಣ್ಣ ಅಕ್ಕಂದಿರೊಡನೆ ಚಿಕ್ಕವರೂ ಆಡುತ್ತಾರೆ. ಹಳೆಯ ಮಣೆಗಳು ಅಟ್ಟದ ಮೇಲೆ ಇರುವ ಮನೆಗಳು ಪ್ರತಿ ಗ್ರಾಮದಲ್ಲಿ ಇದ್ದೇ ಇರುತ್ತವೆ. ಕೇಳಿದರೆ ಕೊಡುವವರೂ ಇದ್ದಾರೆ.

ಪೋಷಕರ ಅಸಮಾಧಾನವನ್ನು ಎದುರಿಸುವುದು ಇದಕ್ಕಿಂತ ಕಷ್ಟದ ಕೆಲಸ. ಕೂಲಿ ಮಾಡಿ ಮಗುವನ್ನು ಕಳುಹಿಸುವ ತಾಯಿಗೆ, ನೆರೆಮನೆಯ ಮಗು ಖಾಸಗಿ ಶಾಲೆಯಲ್ಲಿ ಪುಟ ತುಂಬ ಅಂಕೆ ಬರೆದು ತರುವಾಗ ತನ್ನ ಮಗು ಬೀಜ ಆಡಿ ಬಂತೆಂದರೆ ಆತಂಕವಾಗುವುದು ಸಹಜ. ಈ ಆತಂಕದಿಂದಲೇ ಎಷ್ಟೋ ಮಕ್ಕಳು ಸರ್ಕಾರಿ ಕೇಂದ್ರವನ್ನು ಬಿಡುತ್ತಾರೆ. ಬಾಲವಿಕಾಸ ಸಮಿತಿ ಮತ್ತು ಶಾಲಾಭಿವೃದ್ಧಿ ಸಮಿತಿಯ ಸಭೆಗಳಲ್ಲಿ ಮಾತಿನಿಂದ ಸಮಾಧಾನ ಹೇಳುವುದಕ್ಕಿಂತ ತಾಯಂದಿರನ್ನೇ ಹತ್ತು ನಿಮಿಷ ಕರಟದ ಆಟಕ್ಕೆ ಕೂರಿಸುವುದು ಮೇಲು. ತನ್ನ ಮಗು ಕರಟ ಎತ್ತುವ ಮೊದಲೇ "ಎರಡು" ಎಂದದ್ದನ್ನು ಕಂಡ ತಾಯಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಮಕ್ಕಳ ಗ್ರಾಮ ಸಭೆಯಲ್ಲಿ ದೊಡ್ಡ ಮಕ್ಕಳು ಆಟದ ಮೈದಾನ ಕೇಳುವುದು ವಾಡಿಕೆ. ಅಂಗನವಾಡಿಯ ಮಕ್ಕಳ ಪರವಾಗಿ ಕೇಳುವವರು ಅಲ್ಲಿರುವುದಿಲ್ಲ. ಆ ಜವಾಬ್ದಾರಿಯನ್ನು ವಾರ್ಡಿನ ಸದಸ್ಯರೇ ವಹಿಸಿಕೊಳ್ಳಬೇಕಾಗುತ್ತದೆ.

ಇನ್ನು ಭೇಟಿಯ ದಿನ. ಮಗುವನ್ನು ಎಬ್ಬಿಸಿ ನಿಲ್ಲಿಸದೆ ಸದಸ್ಯರೇ ನೆಲದ ಮೇಲೆ ಕುಳಿತು, "ನನಗೆ ಆರು ಬೀಜ ಕೊಡು" ಎಂದು ಕೈ ಚಾಚಬಹುದು. ಡಬ್ಬಿಯ ತುಂಬ ಬೀಜವಿದ್ದು ಆರನ್ನು ಮಾತ್ರ ತೆಗೆದು ನಿಲ್ಲಿಸುವುದು, ಎದುರಿಗಿರುವ ಆರನ್ನು ಎಣಿಸುವುದಕ್ಕಿಂತ ಕಠಿಣ. ಮಗು ಆರು ಕೊಟ್ಟ ಮೇಲೆ ಆ ಬೀಜಗಳನ್ನು ಅಗಲವಾಗಿ ಹರಡಿ "ಈಗ ಎಷ್ಟು?" ಎಂದು ಕೇಳಬೇಕು. ಎಣಿಸದೆ "ಆರೇ" ಎಂದರೆ, ಜಾಗ ಹೆಚ್ಚಾದರೂ ಸಂಖ್ಯೆ ಬದಲಾಗದು ಎಂಬುದು ಅದಕ್ಕೆ ತಿಳಿದಿದೆ. ಮತ್ತೆ ಎಣಿಸಲು ತೊಡಗಿದರೆ ಇನ್ನೂ ಕೆಲವು ತಿಂಗಳ ಆಟ ಬೇಕು ಎಂದರ್ಥ. ಎರಡರಲ್ಲಿ ಯಾವುದಾದರೂ ಭೇಟಿ ಪುಸ್ತಕದಲ್ಲಿ ಬರೆಯಬಹುದಾದ ಸಂಗತಿಯೇ: ಎಷ್ಟು ಮಕ್ಕಳು ಆರು ಕೊಟ್ಟರು, ಎಷ್ಟು ಮಂದಿ ಹರಡಿದ ಮೇಲೂ ಆರೇ ಎಂದರು, ನೆಲ ಒಣಗಿತ್ತೇ, ಡಬ್ಬಿಯಲ್ಲಿ ಬೀಜಗಳಿದ್ದವೇ. ಮೂರು ತಿಂಗಳ ಅನಂತರ ಅದೇ ಪುಟವನ್ನು ತೆರೆದು, ಅದೇ ಮಕ್ಕಳೊಡನೆ ಮತ್ತೆ ಕುಳಿತು ಕೇಳಿದರೆ ಆಗಿರುವ ವ್ಯತ್ಯಾಸ ಅಲ್ಲಿಯೇ ಕಾಣಸಿಗುತ್ತದೆ.